ಬೆಳಕು ನುಸುಳದ ಗೂಡು

ನನ್ನ ತಮ್ಮ ಗಾರ್ತ್‌ನನ್ನು ಹೀಟರ್ ಕೊಂದಿತು ಎಂದು ಊರೆಲ್ಲ ಹೇಳುತ್ತದೆ. ಷೆರೀಫನ ಕಡೆಯವನು ಕಾಗದದಲ್ಲಿ ಹಾಗೆಯೇ ಬರೆದ. ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ಊಟದ ಕೋಣೆಯಲ್ಲಿ ಚೀಸು ಹಾಕಿದ ಆಲೂಗಡ್ಡೆ ಬಡಿಸುತ್ತಿದ್ದ ಹೆಂಗಸರೂ ಹಾಗೆಯೇ ಪಿಸುಗುಟ್ಟಿದರು. ಪಾಪ, ಆ ಹೀಟರ್ ಏನು ಮಾಡೀತು? ಮೂವತ್ತೆಂಟು ವರ್ಷ ಅವನನ್ನು ಬೆಚ್ಚಗೆ ಇಟ್ಟಿದ್ದು ಅದೇ. ಕೊಂದವಳು ನಾನು. ನಾಲ್ಕು ಸುರುಳಿ ಫೋಮ್ ಪಟ್ಟಿ, ಎರಡು ಡಬ್ಬ ರಾಳ, ಜೊತೆಗೆ ನನ್ನ ಈ ಹಾಳು ಕೈಗುಣ, ಇಷ್ಟೇ ಸಾಕಾಯಿತು.

ನನ್ನ ಹೆಸರು ಅರ್ವೆಲ್ಲಾ. ವೆಲ್ಲಾ ಅಂದರೆ ಸಾಮನ್ ನದಿಯಲ್ಲಿ ದೋಣಿ ಬಿಡುವವರಿಗೆಲ್ಲ ಗೊತ್ತು. ಬಂಡೆಗೆ ಬಡಿದು ಹೊಟ್ಟೆ ಸೀಳಿಕೊಂಡ ಫೈಬರ್‌ಗ್ಲಾಸ್ ದೋಣಿಗಳನ್ನು ಸರಿಮಾಡುವುದು ನನ್ನ ಕಸುಬು. ಕಲಿತದ್ದು ಮಾತ್ರ ದೋಣಿಯಲ್ಲಲ್ಲ. ಹತ್ತೊಂಬತ್ತರ ಪ್ರಾಯದಲ್ಲಿ ಒಂದು ಸಣ್ಣ ಕಾರ್ಖಾನೆಗೆ ಸೇರಿದ್ದೆ. ಪಿಕಪ್ ಗಾಡಿಯ ಹಿಂದಿನ ತೊಟ್ಟಿಯ ಮೇಲೆ ಕೂರಿಸಿ, ಒಳಗೆ ಹಾಸಿಗೆ ಹಾಸಿ ಮಲಗಲು ಬರುವ ಫೈಬರ್‌ಗ್ಲಾಸ್ ಗೂಡುಗಳನ್ನು ಅಲ್ಲಿ ಮಾಡುತ್ತಿದ್ದರು. ಅಚ್ಚಿನ ಒಂದು ಕಡೆ ನಾನು, ಇನ್ನೊಂದು ಕಡೆ ನೆಡ್ರಾ ಎಂಬ ನನ್ನದೇ ವಯಸ್ಸಿನ ಹುಡುಗಿ. ಅವಳನ್ನು ನನ್ನ ತಮ್ಮನಿಗೆ ಗಂಟು ಹಾಕಿದವಳೂ ನಾನೇ. ಅವರ ಮದುವೆಗೆ ಕೊಟ್ಟ ಉಡುಗೊರೆ, ನಾನೊಬ್ಬಳೇ ನಿಂತು ಮಾಡಿದ ಮೊದಲ ಗೂಡು. ಕೆನೆ ಬಣ್ಣ, ಸುತ್ತ ಕಂದು ಪಟ್ಟೆ, ಎರಡೂ ಪಕ್ಕ ಗಾಜಿನ ಪಟ್ಟಿಗಳನ್ನು ತಿರುವಿ ತೆರೆಯುವ ಕಿಟಕಿ, ನೆತ್ತಿಯ ಮೇಲೊಂದು ಗಾಳಿಕಿಂಡಿ. ಮೂಲೆಯಲ್ಲಿ ಗುಳ್ಳೆ ಎದ್ದಿದೆ, ಎಸೆದುಬಿಡು ಎಂದು ಮೇಸ್ತ್ರಿ ಹೇಳಿದ್ದ. ಎಸೆಯುವುದಕ್ಕೆ ನನಗೇನು ತಲೆ ಕೆಟ್ಟಿತ್ತೇ?

ಗಾರ್ತ್ ಪ್ರತಿ ಅಕ್ಟೋಬರಿನಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆಂದು ಬೆಟ್ಟ ಹತ್ತುತ್ತಿದ್ದ. ವಾರಗಟ್ಟಲೆ ಆ ಗೂಡಿನಲ್ಲೇ ವಾಸ. ಅವನ ಹಳೆಯ ಗಾಡಿಯ ತೊಟ್ಟಿ ಎಲ್ಲೋ ಗುದ್ದಿಸಿಕೊಂಡು ಸೊಟ್ಟಗಾಗಿತ್ತು. ಗೂಡಿಗೂ ತೊಟ್ಟಿಗೂ ನಡುವೆ ಬೆರಳು ತೂರುವಷ್ಟು ಸಂದು. ಕಿಟಕಿಯ ತಿರುಪುಗಳು ತುಕ್ಕು ಹಿಡಿದು ಗಾಜುಗಳು ಎಂದೂ ಪೂರ್ತಿ ಮುಚ್ಚುತ್ತಿರಲಿಲ್ಲ. ಬೇಸಿಗೆಯಲ್ಲಿ ಧೂಳು, ಬೇಟೆಯ ಕಾಲದಲ್ಲಿ ಹಿಮ. ಅವನು ಗ್ಯಾಸ್ ಹೀಟರನ್ನು ಬೆಳಗಿನವರೆಗೆ ಸಣ್ಣಗೆ ಉರಿಯಲು ಬಿಟ್ಟು, ಉಣ್ಣೆ ಟೋಪಿ ಎಳೆದುಕೊಂಡು ಮಲಗುತ್ತಿದ್ದ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಕೂತಾಗ ವರ್ಷ ವರ್ಷವೂ ಒಂದೇ ರಾಗ.

"ಅಕ್ಕಾ, ಈ ಸಲಾನೂ ಬೆಳಿಗ್ಗೆ ಏಳೋವಾಗ ಮೀಸೆ ಮೇಲೆ ಹಿಮ ಕೂತಿತ್ತು ಕಣೆ. ಗೂಡು ಮಾಡಿಕೊಡು ಅಂದ್ರೆ ಜರಡಿ ಮಾಡಿ ಕೊಟ್ಟಿದ್ದೀಯಲ್ಲೇ ತಾಯಿ!"

"ಗೂಡು ಸರಿಯಾಗೇ ಇದೆ. ನಿನ್ನ ಗಾಡಿ ಸೊಟ್ಟ. ನಿನ್ನ ಬುದ್ಧಿ ಅದಕ್ಕಿಂತ ಸೊಟ್ಟ."

ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆದರೆ ಒಳಗೊಳಗೇ ಚುಚ್ಚುತ್ತಿತ್ತು. ನನ್ನ ಕೆಲಸಕ್ಕೆ ಯಾರಾದರೂ ಹೆಸರಿಟ್ಟರೆ ನನಗೆ ಆಗಿಬರುವುದಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ, ಅದೇನು ಮುಚ್ಚಿಡುವ ಸಂಗತಿಯಲ್ಲ.

ಹೋದ ವರ್ಷ ಹಳೆಯ ಗಾಡಿಯ ಚೌಕಟ್ಟು ತುಕ್ಕು ತಿಂದು ಎರಡಾಯಿತು. ಹೊಸದು ಹುಡುಕಲು ಗಾರ್ತ್‌ಗೆ ಆರು ತಿಂಗಳು ಹಿಡಿಯಿತು. ಈಗಿನ ಪಿಕಪ್‌ಗಳಿಗೆ ಮುಂದೆ ಅರಮನೆಯಂಥ ಆಸನ, ಹಿಂದೆ ಕಿರಾಣಿ ಚೀಲ ಇಡುವಷ್ಟು ತೊಟ್ಟಿ. ನನ್ನ ಗೂಡಿಗೆ ಎಂಟಡಿ ತೊಟ್ಟಿಯೇ ಬೇಕು. ಕೊನೆಗೆ ದೂರದ ಪಟ್ಟಣ ಟ್ವಿನ್ ಫಾಲ್ಸ್‌ನಿಂದ ಮೂರು ವರ್ಷ ಓಡಿದ ಬಿಳಿ ಗಾಡಿಯೊಂದನ್ನು ತಂದು ನಾನು ದೋಣಿ ಕೆಲಸ ಮಾಡುವ ಕೊಟ್ಟಿಗೆಯ ಮುಂದೆ ನಿಲ್ಲಿಸಿದ.

"ಗೂಡೂ ಹೊಸದೇ ತಗೊಂಡುಬಿಡೋ. ಈ ಗಾಡಿಗೇ ಅಂತ ಮಾಡಿರೋದು ಸಿಗುತ್ತೆ," ಅಂದೆ.

"ನಿನ್ನ ಕೈಲಿ ಮಾಡಿದ್ದು ಬಿಟ್ಟು ಇನ್ಯಾರೋ ಮಾಡಿದ್ದರಲ್ಲಿ ಮಲಗ್ಲಾ? ನಿದ್ದೆ ಬಂದ ಹಾಗೇ ಇದೆ," ಅಂದ ಅವನು. "ಕೂರಿಸ್ತೀಯೋ, ಇಲ್ಲ ವಯಸ್ಸಾಯ್ತು ಅಂತ ಕೈ ಎತ್ತುತೀಯೋ?"

ಅಷ್ಟು ಅಂದರೆ ಸಾಕು ನನಗೆ.

ಕೊಟ್ಟಿಗೆಯ ತೊಲೆಗೆ ಸರಪಳಿ ಕಟ್ಟಿ ಗೂಡನ್ನು ಮೇಲಕ್ಕೆತ್ತಿ, ಗಾಡಿಯನ್ನು ಕೆಳಗೆ ತಂದು ಇಳಿಸಿ ನೋಡಿದೆವು. ಎಲ್ಲೂ ಹೊಂದಲಿಲ್ಲ. ಹೊಸ ತೊಟ್ಟಿಯ ಅಂಚು ಹೊರಕ್ಕೆ ಇಳಿಜಾರು, ಗೂಡಿನ ಅಂಚು ಸಪಾಟು. ಮುಂದೆ ತೊಟ್ಟಿ ಎರಡು ಅಂಗುಲ ಅಗಲ ಹೆಚ್ಚು. ಹಿಂಬಾಗಿಲಿನ ಹತ್ತಿರ ಮುಷ್ಟಿ ಹೋಗುವಷ್ಟು ಬಾಯಿ. ಮೂರು ವಾರ ಹಿಡಿಯಿತು. ಅಂಚಿನ ಪ್ಲಾಸ್ಟಿಕ್ ಕಿತ್ತು ಹಾಕಿದೆ. ಇಳಿಜಾರಿಗೆ ತಕ್ಕಂತೆ ಮರದ ಪಟ್ಟಿ ಹೆರೆದು, ಅದರ ಮೇಲೆ ಗಾಜುನಾರು ಹಾಸಿ ರಾಳ ಬಳಿದು, ಗೂಡಿಗೆ ಹೊಸ ಪಾದವನ್ನೇ ಕಟ್ಟಿದೆ. ಅದರ ಅಡಿಗೆ ಫೋಮ್ ಪಟ್ಟಿ ಎರಡೆರಡು ಸಾಲು. ಹಿಂಬಾಗಿಲಿಗೆ ದಪ್ಪ ರಬ್ಬರು. ಎಂಟು ಕ್ಲಾಂಪು ಹಾಕಿ ಬಿಗಿದೆ.

ಅಷ್ಟಕ್ಕೇ ಕೈ ಬಿಟ್ಟಿದ್ದರೆ ಅವನು ಇವತ್ತು ಇರುತ್ತಿದ್ದ. ಆದರೆ ನಾನು ದೋಣಿಯವಳು. ಮೂವತ್ತೈದು ವರ್ಷದಿಂದ ತೂತು ಕಂಡಲ್ಲಿ ಮುಚ್ಚಿ ಬದುಕಿದವಳು. ಎರಡು ಪಕ್ಕದ ಕಿಟಕಿಗಳ ತಿರುಪು ಕೆಲಸಕ್ಕೆ ಬಾರದು ಎಂದು ಅವನ್ನು ಕಿತ್ತು, ಅಲ್ಲಿ ತೆರೆಯದ ಗಾಜು ಕೂರಿಸಿದೆ. ನೆತ್ತಿಯ ಗಾಳಿಕಿಂಡಿಯ ಮುಚ್ಚಳ ಬಿರುಕು ಬಿಟ್ಟಿತ್ತು. ಅದರ ಮೇಲೆ ಮೂರು ಪದರ ಗಾಜುನಾರು ಹಾಸಿ, ಉಜ್ಜಿ, ಬಣ್ಣ ಹೊಡೆದೆ. ಅಲ್ಲೊಂದು ಕಿಂಡಿ ಇತ್ತು ಎಂದು ಹೇಳಲೂ ಬಾರದ ಹಾಗೆ ಮಾಡಿದೆ. ದೋಣಿಯಲ್ಲಿ ತೂತು ಜೀವ ತೆಗೆಯುತ್ತದೆ. ಮಲಗುವ ಗೂಡಿನಲ್ಲಿ ತೂತೇ ಜೀವ ಕಾಯುತ್ತದೆ ಎಂಬುದು ಆ ಮೂರು ವಾರ ಒಂದು ಗಳಿಗೆಯೂ ನನ್ನ ತಲೆಗೆ ಹೊಳೆಯಲಿಲ್ಲ.

ಕೊನೆಯಲ್ಲಿ ಬೆಳಕಿನ ಪರೀಕ್ಷೆ ಮಾಡಿದೆ. ದೋಣಿ ಬೋರಲು ಹಾಕಿ ಅದರಡಿ ಕೂತು ಮಾಡುವಂಥದ್ದೇ. ಆಗಸ್ಟ್ ತಿಂಗಳ ನಡುಮಧ್ಯಾಹ್ನ ಗೂಡಿನೊಳಗೆ ಹೊಕ್ಕು, ಗಾಜುಗಳಿಗೆ ಕಂಬಳಿ ಹೊದಿಸಿ, ಬಾಗಿಲು ಹಾಕಿಸಿಕೊಂಡೆ. ಎಲ್ಲಿ ಬೆಳಕು ಕಾಣುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಬೇಕು. ಹೊರಗೆ ಗಾರ್ತ್ ಪೈಪು ಹಿಡಿದು ನೀರು ಹೊಡೆಯುತ್ತಿದ್ದ.

"ಅಕ್ಕಾ, ಇದ್ದೀಯೇನೇ?"

"ನೀರು ಬಿಡೋ ಸುಮ್ಮನೆ."

"ಮೀನೇನಾದ್ರೂ ಸಿಕ್ತಾ?"

"ನಿನ್ನ ತಲೆ ಸಿಕ್ತು. ಮುಂದಿನ ಮೂಲೆಗೆ ಹೊಡಿ."

ಮೊದಲ ದಿನ ಹನ್ನೊಂದು ಗುರುತು. ಮರುದಿನ ಎರಡು. ಮೂರನೆಯ ದಿನ ಸೂಜಿಮೊನೆಯಷ್ಟೂ ಬೆಳಕಿರಲಿಲ್ಲ. ಕತ್ತಲಲ್ಲಿ ಕೂತು ನಾನೊಬ್ಬಳೇ ನಕ್ಕೆ. ಎದೆ ಭಾರವಾಗಿತ್ತು, ಉಸಿರು ಕಟ್ಟಿದ ಹಾಗಾಗಿತ್ತು. ಆಗಸ್ಟಿನ ಸೆಕೆ ಎಂದುಕೊಂಡೆ. ನನ್ನ ಬುದ್ಧಿಗೆ ಬೆಂಕಿ ಬೀಳ! ಆ ಗೂಡು ನನ್ನ ಕುತ್ತಿಗೆ ಹಿಡಿದು ಹೇಳುತ್ತಿತ್ತು, ನಾನು ಹೆಮ್ಮೆಯಿಂದ ಬೆವರು ಒರೆಸಿಕೊಂಡೆ. ಬಾಗಿಲು ತೆಗೆದಾಗ ಗಾರ್ತ್ ನನ್ನ ಮುಖ ನೋಡಿ, "ಗೆದ್ದೆಯಲ್ಲೇ!" ಎಂದು ಪೈಪನ್ನು ನನ್ನ ತಲೆಯ ಮೇಲೇ ತಿರುಗಿಸಿದ. ಅರವತ್ತು ದಾಟಿದ ಅಕ್ಕ ತಮ್ಮ ಅಂಗಳದಲ್ಲಿ ಓಡಾಡಿ ಒದ್ದೆಯಾದೆವು.

ಅಕ್ಟೋಬರಿನಲ್ಲಿ ಅವನು ಪಕ್ಕದ ಮನೆಯ ರೂಲನ್ ಜೊತೆ ಬೆಟ್ಟಕ್ಕೆ ಹೋದ. ರೂಲನ್‌ಗೆ ಅವನದೇ ಡೇರೆ. ಎರಡನೆಯ ದಿನ ಮಧ್ಯಾಹ್ನ ಗಾರ್ತ್ ಫೋನು ಸಿಗುವ ದಿಣ್ಣೆಗೆ ಹತ್ತಿ ನನಗೆ ಕರೆ ಮಾಡಿದ.

"ಅಕ್ಕಾ, ನಿನ್ನೆ ಒಂದೇ ಗಂಟೆ ಹೀಟರ್ ಹಾಕಿ ಆರಿಸಿದೆ. ಬೆಳಗಿನವರೆಗೂ ಬೆಚ್ಚಗಿತ್ತು. ಬರೀ ಬನಿಯನ್‌ನಲ್ಲಿ ಮಲಗಿದ್ದೆ ಕಣೆ! ಎಲ್ಲೂ ಗಾಳಿ ನುಗ್ಗಲಿಲ್ಲ. ನೀನು ದೇವತೆ ಬಿಡು."

"ಈಗ ಗೊತ್ತಾಯ್ತಾ, ಯಾರು ಸೊಟ್ಟ ಅಂತ?"

"ಗೊತ್ತಾಯ್ತು ಮಹಾತಾಯಿ. ತಲೆ ಒಂಚೂರು ಭಾರ ಅಷ್ಟೇ. ಇವತ್ತು ಚಳಿ ಜಾಸ್ತಿ ಇದೆ, ಯಾವಾಗ್ಲೂ ಬಿಡೋ ಹಾಗೆ ಸಣ್ಣಗೆ ಉರಿಯೋಕೆ ಬಿಡ್ತೀನಿ."

"ಹೂಂ, ಬಿಡು. ತಲೆನೋವಿಗೆ ಕಾಫಿ ಕುಡಿ. ವಯಸ್ಸಾಯ್ತು ನಿನಗೆ."

ಮರುದಿನ ಮಧ್ಯಾಹ್ನ ರೂಲನ್ ನನ್ನ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಇಳಿಯದೆ ಸುಮ್ಮನೆ ಕೂತಿದ್ದ. ನಾನೇ ಹೋಗಿ ಬಾಗಿಲು ತೆಗೆದೆ. ಅವನು ಹೇಳಿ ಮುಗಿಸುವ ಮೊದಲೇ ನನಗೆ ತಿಳಿಯಿತು. ಗಾಳಿಕಿಂಡಿಯ ಮೇಲೆ ಹಾಸಿದ ಮೂರು ಪದರ ಕಣ್ಣಿಗೆ ಕಟ್ಟಿತು.

ರಕ್ತದಲ್ಲಿ ಹೀಟರಿನ ವಿಷಗಾಳಿ ಸೇರಿತ್ತು ಎಂದಷ್ಟೇ ಕಾಗದ ಹೇಳಿತು. ನೆಡ್ರಾಗೆ ಅಷ್ಟು ಸಾಲಲಿಲ್ಲ. ಅವಳದು ಒಂದೇ ಪ್ರಶ್ನೆ: ಮೂವತ್ತೆಂಟು ವರ್ಷ ಆಗದ್ದು ಈಗ ಹೇಗಾಯಿತು? ಉತ್ತರವನ್ನೂ ಅವಳೇ ಕಂಡುಕೊಂಡಳು. ಗಾರ್ತ್ ಒಂದು ಕಾಲದಲ್ಲಿ ಕುಡಿಯುತ್ತಿದ್ದ. ಹನ್ನೊಂದು ವರ್ಷದ ಹಿಂದೆ ಅವಳ ಕೈ ಹಿಡಿದು ಆಣೆ ಮಾಡಿ ಬಿಟ್ಟಿದ್ದ. ಬಿಡಾರದಲ್ಲಿ ಬಿಯರ್ ಡಬ್ಬಗಳು ಬಿದ್ದಿದ್ದವಂತೆ. ರೂಲನ್ ಅತ್ತು, ಅವೆಲ್ಲ ನಾನೇ ಕುಡಿದದ್ದು, ಗಾರ್ತ್ ಮುಟ್ಟಲಿಲ್ಲ ಎಂದ. ಅವನು ಬಾಯಿ ತೆಗೆದರೆ ಸುಳ್ಳು ಎಂದು ಊರಿಗೇ ಗೊತ್ತಿದ್ದರಿಂದ ಅವಳು ನಂಬಲಿಲ್ಲ.

"ಕುಡಿದು ಬಿದ್ದಿದ್ದ ಕಣೇ ವೆಲ್ಲಾ. ಇಲ್ಲದಿದ್ರೆ ತಲೆನೋವು ಬಂದಾಗ ಎದ್ದು ಬಾಗಿಲು ತೆಗೀತಿರ್ಲಿಲ್ವಾ? ಹನ್ನೊಂದು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದ. ಪ್ರತಿ ಅಕ್ಟೋಬರ್ ಬೆಟ್ಟಕ್ಕೆ ಹೋಗ್ತಿದ್ದಿದ್ದೇ ಅದಕ್ಕೆ."

ಭಾನುವಾರ ಭಾನುವಾರ ಅವಳ ಅಡುಗೆಮನೆಯಲ್ಲಿ ಊಟಕ್ಕೆ ಕೂತು ಇದನ್ನು ಕೇಳಿದೆ. ಅವನ ಬೂಟು, ಅಂಗಿ, ಬಂದೂಕು ಎಲ್ಲವನ್ನೂ ಅವಳು ಯಾರ್ಯಾರಿಗೋ ಕೊಟ್ಟಳು. ಮದುವೆಯ ಫೋಟೋ ಗೋಡೆಯಿಂದ ಇಳಿಯಿತು. ಸಮಾಧಿಯ ಕಡೆ ಒಂದು ದಿನವೂ ಹೋಗಲಿಲ್ಲ. ಪ್ರತಿ ಸಲವೂ ಹೇಳಿಬಿಡೋಣ ಎಂದು ಹೋಗುತ್ತಿದ್ದೆ. ಅವಳು ಮಾಂಸದ ಸಾರು ಬಡಿಸಿ, "ನನಗೆ ಅಂತ ಉಳಿದಿರೋದು ನೀನೊಬ್ಬಳೇ ಕಣೆ," ಅನ್ನುತ್ತಿದ್ದಳು. ನನಗೂ ಅವಳೊಬ್ಬಳೇ. ನನಗೆ ಮದುವೆಯಿಲ್ಲ, ಅವರಿಗೆ ಮಕ್ಕಳಿಲ್ಲ. ನಾಲಿಗೆ ಮೇಲೆ ಬಂದ ಮಾತನ್ನು ಸಾರಿನ ಜೊತೆ ನುಂಗುತ್ತಿದ್ದೆ. ಬಾಯಿಬಡುಕಿ ಎಂದು ಊರೆಲ್ಲ ಹೆಸರಾದ ನಾನು, ಆಡಲೇಬೇಕಾದ ಒಂದು ಮಾತಿಗೆ ಮೂಗಿಯಾದೆ. ನಾನು ಸುಮ್ಮನಿದ್ದಷ್ಟು ದಿನ ನನ್ನ ತಮ್ಮ ಅವನ ಹೆಂಡತಿಯ ಮನಸ್ಸಿನಲ್ಲಿ ಕುಡುಕನಾಗಿ, ಮೋಸಗಾರನಾಗಿ ಉಳಿಯುತ್ತಾನೆ ಎಂದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ.

ಏಪ್ರಿಲ್‌ನಲ್ಲಿ ನೆಡ್ರಾ ಆ ಬಿಳಿ ಗಾಡಿಯನ್ನು ಓಡಿಸಿಕೊಂಡು ನನ್ನ ಕೊಟ್ಟಿಗೆಗೆ ಬಂದಳು.

"ಬಿಚ್ಚಿಬಿಡು. ಗಾಡಿ ಮಾರ್ತೀನಿ. ಗೂಡನ್ನ ಕಸದ ಗುಂಡಿಗೆ ಹಾಕು, ಏನಾದ್ರೂ ಮಾಡು. ನನಗೆ ಅದನ್ನ ನೋಡೋಕಾಗಲ್ಲ."

ಎಂಟು ಕ್ಲಾಂಪು ಬಿಚ್ಚಿ, ನಾಲ್ಕು ಮೂಲೆಗೆ ಪಟ್ಟಿ ಕಟ್ಟಿ ಸರಪಳಿ ಎಳೆದೆ. ನೆಡ್ರಾ ಹಿಂದೆ ನಿಂತು ಅಲುಗಾಡದ ಹಾಗೆ ಹಿಡಿದುಕೊಂಡಳು. ಗೂಡು ಮೇಲೇಳಲಿಲ್ಲ. ಇನ್ನೂ ಎಳೆದೆ. ಗಾಡಿಯೇ ಸ್ಪ್ರಿಂಗಿನ ಮೇಲೆ ಎದ್ದಿತೇ ಹೊರತು ಗೂಡು ತೊಟ್ಟಿಯನ್ನು ಬಿಡಲಿಲ್ಲ.

"ಏನೇ ಇದು? ಬೆಸುಗೆ ಹಾಕಿದ್ದೀಯಾ?" ಎಂದಳು ನೆಡ್ರಾ.

ನಾನು ಅಗಲವಾದ ಚೂರಿ ತಂದು ಅಂಚಿನ ಸುತ್ತ ಫೋಮನ್ನು ಕೊಯ್ಯುತ್ತಾ ಬಂದೆ. ಕೊನೆಯ ಮೂಲೆ ಬಿಡುವಾಗ ಒಳಗಿನಿಂದ ಪುಸ್ ಎಂದು ಸದ್ದಾಯಿತು. ನೆಡ್ರಾ ಪ್ರತಿ ಬೇಸಿಗೆ ಪೀಚ್ ಹಣ್ಣು ಬಾಟಲಿಗೆ ತುಂಬಿಡುವವಳು. ಗಾಳಿಯಾಡದ ಮುಚ್ಚಳ ತೆಗೆದಾಗ ಬರುವ ಆ ಸದ್ದು ಅವಳಿಗೆ ಚೆನ್ನಾಗಿ ಗೊತ್ತು. ಅವಳು ಕೈ ಬಿಟ್ಟಳು. ಗೂಡು ಸರಪಳಿಯಲ್ಲಿ ನಿಧಾನಕ್ಕೆ ತೂಗತೊಡಗಿತು.

"ಗಾಳಿ ಆಡ್ತಿರ್ಲಿಲ್ವಾ ಇದರೊಳಗೆ?" ಅಂದಳು.

ಸುಳ್ಳು ಹೇಳಲು ಅದು ಕೊನೆಯ ಅವಕಾಶ. ಹೇಳಬಹುದಿತ್ತು ಕೂಡ. ಅವಳು ನಂಬುತ್ತಿದ್ದಳು.

"ಇಲ್ಲ," ಅಂದೆ. "ಹಳೇ ಗಾಡೀಲಿ ನಾಲ್ಕೂ ಕಡೆಯಿಂದ ಗಾಳಿ ಬರ್ತಿತ್ತು. ಅದಕ್ಕೇ ಅಷ್ಟು ವರ್ಷ ಏನೂ ಆಗ್ಲಿಲ್ಲ. ನಾನು ಎಲ್ಲಾ ಮುಚ್ಚಿದೆ ನೆಡ್ರಾ. ಕಿಟಕಿ, ನೆತ್ತಿ ಮೇಲಿನ ಕಿಂಡಿ, ಎಲ್ಲಾ. ಅವನು ಯಾವತ್ತೂ ಮಲಗೋ ಹಾಗೇ ಮಲಗಿದ. ಕುಡಿದಿರ್ಲಿಲ್ಲ. ಹಿಂದಿನ ದಿನ ನನಗೆ ಫೋನ್ ಮಾಡಿದ್ದ, ಮಾತು ಸ್ವಚ್ಛವಾಗಿತ್ತು. ತಲೆ ಭಾರ ಅಂದ. ಕಾಫಿ ಕುಡಿ ಅಂದೆ. ಅವನು ನಿನಗೆ ಕೊಟ್ಟ ಮಾತು ಮುರೀಲಿಲ್ಲ. ತಪ್ಪು ನಂದು. ಪೂರ್ತಿ ನಂದೇ."

ಅವಳು ತೊಟ್ಟಿಯ ಅಂಚಿನಲ್ಲಿ ಅಂಟಿಕೊಂಡಿದ್ದ ಫೋಮಿನ ಚೂರುಗಳನ್ನು ಉಗುರಿನಿಂದ ಕೆರೆದು ತೆಗೆದಳು.

"ಬೆಚ್ಚಗಿದ್ನಾ?" ಎಂದು ಕೇಳಿದಳು ಆಮೇಲೆ.

"ಇದ್ದ. ಬರೀ ಬನಿಯನ್‌ನಲ್ಲಿ ಮಲಗಿದ್ದೆ ಅಂತ ಖುಷೀಲಿ ಹೇಳಿದ."

ಅವಳು ಕೈಗೆ ಅಂಟಿದ ಫೋಮ್ ಕೊಡವಿದಳು. ಅಳಲಿಲ್ಲ. "ನಿನಗೆ ಇದು ಯಾವಾಗಿಂದ ಗೊತ್ತು?"

"ರೂಲನ್ ಬಂದ ಗಳಿಗೆಯಿಂದ."

"ಅಕ್ಟೋಬರ್‌ನಿಂದ."

"ಹೂಂ."

"ಆರು ತಿಂಗಳು ಅವನನ್ನ ಕುಡುಕ ಅಂದೆ, ಮೋಸಗಾರ ಅಂದೆ. ಅವನ ಬಟ್ಟೆ ಎಲ್ಲಾ ಕೊಟ್ಟೆ. ನೀನು ನನ್ನ ಮನೇಲಿ ಕೂತು, ನನ್ನ ಕೈಯಡುಗೆ ತಿಂತಾ ಕೇಳಿಸಿಕೊಂಡೆ." ಅವಳ ದನಿ ಏರಲಿಲ್ಲ. ಕಿರುಚಿದ್ದರೆ, ಹೊಡೆದಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು. "ತೂತು ಮುಚ್ಚಿದ್ದು ಕೈತಪ್ಪು. ಅದನ್ನ ನಾನು ಕ್ಷಮಿಸ್ತಿದ್ದೆ ವೆಲ್ಲಾ. ಆಣೆಗೂ ಕ್ಷಮಿಸ್ತಿದ್ದೆ. ಇದನ್ನ ಹೇಗೆ ಕ್ಷಮಿಸಲಿ?"

"ನೀನು ನನ್ನ ಬಿಟ್ಟು ಹೋಗ್ತೀಯ ಅಂತ ಹೆದರಿಕೆ ಆಯ್ತು."

"ಹೋಗ್ತಿದ್ದೀನಿ," ಎಂದು ಅವಳು ಗಾಡಿ ಹತ್ತಿದಳು. ತೂಗುತ್ತಿದ್ದ ಗೂಡಿನ ಕೆಳಗಿನಿಂದ ಗಾಡಿಯನ್ನು ಮುಂದಕ್ಕೆ ತೆಗೆದುಕೊಂಡು, ಹಿಂತಿರುಗಿ ನೋಡದೆ ಹೋದಳು. ಗೂಡನ್ನು ಇಳಿಸುವುದಕ್ಕೆ ಇನ್ನೊಬ್ಬರು ಬೇಕು. ಯಾರನ್ನೂ ಕರೆಯಲು ನನಗೆ ಮುಖವಿಲ್ಲ. ಅದು ಹಾಗೇ ನೇತಾಡುತ್ತಿದೆ, ನಾನು ಅದನ್ನು ಬಳಸಿಕೊಂಡು ಓಡಾಡುತ್ತೇನೆ.

ಆಮೇಲೆ ಎರಡು ಸಲ ಫೋನು ಮಾಡಿದೆ, ಎತ್ತಲಿಲ್ಲ. ಒಂದು ಭಾನುವಾರ ಅವಳ ಮನೆ ಬಾಗಿಲಿಗೂ ಹೋದೆ. ಒಳಗೆ ರೇಡಿಯೋ ಹಾಡುತ್ತಿತ್ತು. ಬಾಗಿಲು ತೆಗೆಯಲಿಲ್ಲ. ಕಿಟಕಿಯಲ್ಲಿ ನೋಡಿದೆ, ತಪ್ಪೋ ಸರಿಯೋ, ನೋಡಿದೆ. ಒಲೆಯ ಮೇಲಿನ ಗೋಡೆಯಲ್ಲಿ ಮದುವೆಯ ಫೋಟೋ ಮತ್ತೆ ಏರಿತ್ತು.

ಮೇ ತಿಂಗಳ ಕೊನೆಯ ಸೋಮವಾರ ನಮ್ಮಲ್ಲಿ ಎಲ್ಲರೂ ತಮ್ಮ ತಮ್ಮವರ ಸಮಾಧಿಗೆ ಹೂವಿಡುತ್ತಾರೆ. ನಾನು ಅಪ್ಪ ಅಮ್ಮನಿಗೆ ಇಟ್ಟು ಬಂದು, ಗಾರ್ತ್‌ನ ಕಡೆ ಹೋಗಲು ಧೈರ್ಯ ಸಾಲದೆ ಗಾಡಿಯಲ್ಲೇ ಕೂತಿದ್ದೆ. ಚಳಿಗಾಲವೆಲ್ಲ ಬರೀ ತಗಡಿನ ಹೆಸರು ಚೀಟಿ ಇದ್ದ ಜಾಗದಲ್ಲಿ ಬೂದು ಬಣ್ಣದ ಹೊಸ ಕಲ್ಲು ನಿಂತಿತ್ತು. ಎಡಕ್ಕೆ ಅವನ ಹೆಸರು, ಹುಟ್ಟಿದ್ದು, ಸತ್ತದ್ದು. ಬಲಕ್ಕೆ ನೆಡ್ರಾ ಎಂದು ಕೆತ್ತಿ, ಹುಟ್ಟಿದ ದಿನ ಹಾಕಿ, ಮುಂದಿನದು ಖಾಲಿ ಬಿಟ್ಟಿದ್ದರು.

ನೆಡ್ರಾ ಹನ್ನೊಂದು ಗಂಟೆಗೆ ಬಂದಳು. ಕಾಫಿ ಡಬ್ಬದ ತುಂಬ ಅವಳ ಅಂಗಳದ ಲೈಲಾಕ್ ಹೂವು. ಮೊಣಕಾಲೂರಿ ಕೂತು ಕಲ್ಲಿನ ಬುಡದ ಹುಲ್ಲು ಕಿತ್ತಳು. ಕರವಸ್ತ್ರ ಒದ್ದೆ ಮಾಡಿ ಅವನ ಹೆಸರಿನ ಮೇಲಿದ್ದ ಹಕ್ಕಿಯ ಹೊಲಸು ಒರೆಸಿದಳು. ನನ್ನ ಗಾಡಿಯ ಗಾಜು ಇಳಿಸಿದ್ದೆ, ಅವಳ ಮಾತು ನನಗೆ ಕೇಳುತ್ತಿತ್ತು.

"ತಪ್ಪಾಯ್ತು ಕಣೋ," ಅನ್ನುತ್ತಿದ್ದಳು. "ನಿನ್ನ ಮೇಲೆ ಏನೇನೋ ಅಂದುಬಿಟ್ಟೆ. ತಪ್ಪಾಯ್ತು. ಕೇಳಿಸ್ತಾ? ತಪ್ಪಾಯ್ತು."

ಆಮೇಲೆ ಮನೆಯ ಸಮಾಚಾರ ಶುರು ಮಾಡಿದಳು. ಕೊಳಾಯಿ ಸೋರುತ್ತಿದೆ, ಪೀಚ್ ಮರ ಈ ಸಲ ಚೆನ್ನಾಗಿ ಹೂ ಬಿಟ್ಟಿದೆ, ನಿನ್ನ ಬೂಟು ರೂಲನ್ ಹತ್ತಿರ ಇದೆ, ವಾಪಸ್ಸು ಕೇಳಿ ತರುತ್ತೇನೆ. ಊಟದ ಮೇಜಿನ ಎದುರು ಬದುರು ಕೂತಾಗ ಮಾತಾಡುವ ಧಾಟಿಯಲ್ಲೇ. ಅರ್ಧ ಗಂಟೆ ಮಾತಾಡಿದಳು. ಒಂದು ಸಲ ನಕ್ಕಳು ಕೂಡ.

ಎದ್ದು ಹೊರಟಾಗ ನನ್ನ ಗಾಡಿಯ ಪಕ್ಕದಲ್ಲೇ ದಾರಿ. "ನೆಡ್ರಾ," ಅಂದೆ. ಅವಳ ಹೆಜ್ಜೆ ಒಂದು ಕ್ಷಣ ತಡೆಯಿತು. ತಿರುಗಲಿಲ್ಲ, ಹೋದಳು.

ನನ್ನ ತಮ್ಮನಿಗೆ ಅವನ ಹೆಂಡತಿ ಸಿಕ್ಕಳು. ನನಗೆ ಅದೇ ಬೇಕಾಗಿದ್ದುದು, ಬೇರೇನೂ ಕೇಳುವ ಹಕ್ಕು ನನಗಿಲ್ಲ. ಆದರೂ ಹೊಟ್ಟೆಯೊಳಗಿನಿಂದ ಎದ್ದು ಬಂದ ಅಳುವನ್ನು ತಡೆಯಲು ಆಗಲಿಲ್ಲ. ಹೂವಿನ ಡಬ್ಬ ಹಿಡಿದು ಹೋಗುತ್ತಿದ್ದವರು ನಿಂತು ನೋಡಿದರು. ನೋಡಲಿ ಎಂದು ಗಾಜು ಏರಿಸದೆ, ಬಾಯಿಬಿಟ್ಟು ಅತ್ತೆ.